ವೆರ್ನಾತ್ಸದಲ್ಲಿ ನಾಲ್ಕು ದಿನ

ಇಟಲಿಯನ್ನು ಕಂಡು ಬಂದೆವೆಂದರೆ ಬಂಧುಮಿತ್ರರು ಮೊದಲು ಕೇಳುವುದು ರೋಮಾಪುರಿಯ ವಿಷಯ. ಆಮೇಲೆ ವೆನಿಸ್ಸಿನ ನೀರುಬೀದಿಗಳ ವಿಷಯ. ಕಲೆಯಲ್ಲಿ ಅಭಿರುಚಿಯುಳ್ಳವರಾದರೆ ಫ್ಲಾರೆನ್ಸಿನ ವಿಷಯ. ಈ ಮಹಾನಗರಗಳನ್ನು ಕುರಿತು ಬರೆದವರು ಬಹುಮಂದಿ. ಅವರು ಬರೆದುದರ ಮೇಲೆ ನಾವು ಹೊಸದಾಗಿ ಸೇರಿಸಬಹುದಾದುದು ಬಹಳವಿಲ್ಲ. ಈ ಲೇಖನದಲ್ಲಿ ವಾಚಕರ ಮುಂದಿಡಬೇಕೆಂದಿರುವುದು ಒಂದು ಚಿಕ್ಕ ಕಡಲೂರಿನ ಕಥೆ. ಅದರಲ್ಲಿ ಇರುವುದು ಒಂದೇ ಬೀದಿ, ಒಂದೇ ಬಂದರು; ವಾಸವಾಗಿರುವವರು ಕೆಲವು ನೂರು ಮಂದಿ ಮಾತ್ರ. ಆದರೂ ನಾವು ಇಟಲಿಯಲ್ಲಿ ಕಳೆದ ಮೂರು ವಾರಗಳಲ್ಲಿ ಮನಸ್ಸಿನಲ್ಲಿ ಉಳಿದುಕೊಂಡಿರುವುದು ಆ ಊರಿನ ನಾಲ್ಕು ದಿನಗಳೇ.

ನಮ್ಮ ಮಗಳು ಮಿಲಾನ್ ನಗರದಲ್ಲಿ ವ್ಯಾಸಂಗ ಮಾಡುತ್ತಿರುವಳು. ಅವಳನ್ನು ನೋಡುವುದಕ್ಕೆಂದು ನಾವು ದಂಪತಿಗಳು ಅಕ್ಟೋಬರ್ ತಿಂಗಳಲ್ಲಿ ಹೋಗಿದ್ದೆವು. “ಅಪ್ಪ, ಊರುಗಳನ್ನು ನೋಡಿ ನೋಡಿ ಅಮ್ಮನಿಗೆ ಕಾಲು ಸೋತಿದೆ, ಇನ್ನು ನಾಲ್ಕು ದಿನ ಸಮುದ್ರದ ಮುಂದೆ ಸುಮ್ಮನೆ ಕುಳಿತಿರೋಣ” ಎಂದು ಅವಳೇ ಈ ಏರ್ಪಾಟನ್ನು ಮಾಡಿದಳು. ಸುಮ್ಮನೆ ಕುಳಿತಿರುವುದು ಆ ಊರಿನಲ್ಲಿ ಸಾಧ್ಯವಿಲ್ಲವೆಂಬುದು ಅವಳಿಗೂ ತಿಳಿದಿರಲಿಲ್ಲವೆಂದು ತೋರುತ್ತದೆ.

ಇಟಲಿಯ ವಾಯವ್ಯ ತೀರಕ್ಕೆ ಲಿಗೂರಿಯವೆಂದು ಹೆಸರು. ಜಿನೋವ ನಗರವು ಅದರ ರಾಜಧಾನಿ. ಜಿನೋವಕ್ಕೂ ಲಾ ಸ್ಪೆತ್ಸಿಯವೆಂಬ ನೌಕಾಪಟ್ಟಣಕ್ಕೂ ನಡುವೆ ಬೆಟ್ಟಗಳು ನೇರವಾಗಿ ಸಮುದ್ರಕ್ಕೆ ಇಳಿದಿವೆ. ಕಾಲಿಡಲು ಸಮತಲವಾದ ನೆಲವೆಂಬುದೇ ಇಲ್ಲ. ಅಂಥ ಕಡೆ, ಬಂಡೆಗಳ ಸಂದಿಯಲ್ಲಿ ಗುಬ್ಬಚ್ಚಿ ಗೂಡು ಕಟ್ಟುವಂತೆ ಜನ ಐದು ಊರುಗಳನ್ನು ಕಟ್ಟಿಕೊಂಡಿದ್ದಾರೆ. ಪಶ್ಚಿಮದಿಂದ ಪೂರ್ವಕ್ಕೆ ಎಣಿಸಿದರೆ ಮೊಂತೆರೊಸ್ಸೊ, ವೆರ್ನಾತ್ಸ, ಕೊರ್ನೀಲ್ಯ, ಮನರೋಲ, ರಿಯೋಮಜ್ಜೋರೆ. ಇವಕ್ಕೆ ಒಟ್ಟಾಗಿ ಚಿಂಕ್ವೆ ತೆರ್ರೆ, ಎಂದರೆ ‘ಐದು ನೆಲಗಳು’, ಎಂದು ಹೆಸರು. 1874ರಲ್ಲಿ ಜಿನೋವದಿಂದ ಲಾ ಸ್ಪೆತ್ಸಿಯಕ್ಕೆ ರೈಲುದಾರಿ ಬರುವವರೆಗೆ ಇಲ್ಲಿಗೆ ಬರಬೇಕಾದವರು ದೋಣಿಯಲ್ಲಿ ಬರಬೇಕಾಗಿತ್ತು. ಇಲ್ಲವೇ ಹೇಸರಗತ್ತೆ ನಡೆಯುವ ಕಾಲುದಾರಿಯಲ್ಲಿ ಬೆಟ್ಟವನ್ನು ಹತ್ತಿ ಇಳಿಯಬೇಕಾಗಿತ್ತು. ಈಗಲೂ ರೈಲುಗಾಡಿಯೇ ಸುಲಭವಾದ ಸಾಧನ. ಗಾಡಿಯು ಸುರಂಗದಿಂದ ಸುರಂಗಕ್ಕೆ ನುಗ್ಗುತ್ತ ಹೋಗುತ್ತದೆ; ನಡುವೆ ಒಂದು ಕ್ಷಣ ಕಡಲಿನ ನೀಲಿ ಕಣ್ಣಿಗೆ ಹೊಡೆದು ಮತ್ತೆ ಕತ್ತಲೆಯಾಗುತ್ತದೆ. ವೆರ್ನಾತ್ಸದ ನಿಲ್ದಾಣವು ಎರಡು ಸುರಂಗಗಳ ನಡುವೆ ಸಿಕ್ಕಿಕೊಂಡಿದೆ. ಇಳಿದವರು ಮೆಟ್ಟಿಲಿಳಿದರೆ ಊರಿನ ಬೀದಿಯಲ್ಲಿಯೇ ನಿಂತಿರುತ್ತಾರೆ.

ಆ ಬೀದಿಗೆ ರೋಮಾ ಬೀದಿಯೆಂದು ಹೆಸರು. ಬೆಟ್ಟದ ಕಡೆಯಿಂದ ಕಡಲಿನ ಕಡೆಗೆ ಇಳಿಯುತ್ತ ಹೋಗುವ ಇದೇ ಊರಿನ ಬೆನ್ನೆಲುಬು. ಎರಡು ಪಕ್ಕಗಳಲ್ಲಿಯೂ ನಾಲ್ಕೈದು ಅಂತಸ್ತಿನ ಇಕ್ಕಟ್ಟಾದ ಮನೆಗಳು. ಗೋಡೆಗಳಿಗೆ ಕಾವಿ, ಗುಲಾಬಿ, ಅರಿಸಿನ ಬಣ್ಣಗಳು. ಕಿಟಕಿಗಳಿಗೆ ಹಸುರು ಬಣ್ಣದ ಮರದ ಪಟ್ಟಿಬಾಗಿಲುಗಳು. ಕಿಟಕಿಯಿಂದ ಕಿಟಕಿಗೆ ಒಣಗಹಾಕಿದ ಬಟ್ಟೆಗಳು. ಬೀದಿಯ ಎರಡು ಪಕ್ಕಗಳಿಂದಲೂ ಕಡಿದಾದ ಮೆಟ್ಟಿಲುಗಳ ಓಣಿಗಳು ಮೇಲಕ್ಕೆ ಹತ್ತಿ ಮಾಯವಾಗುತ್ತವೆ. ಊರಿನೊಳಗೆ ಮೋಟಾರುಗಾಡಿಗೆ ಪ್ರವೇಶವಿಲ್ಲ. ಗಾಲಿಯ ಪೆಟ್ಟಿಗೆಗಳನ್ನು ಎಳೆದುಕೊಂಡು ಬಂದ ನಾವು ಎಂಬತ್ತು ಮೆಟ್ಟಿಲುಗಳನ್ನು ಹತ್ತಬೇಕಾಗಿ ಬಂದಾಗ, ಕೈಚೀಲ ಒಂದೇ ಸಾಕಾಗಿತ್ತೆಂದು ಮನೆಯಾಕೆ ಮಿಲಾನಿನಲ್ಲಿಯೇ ಹೇಳಿದ್ದ ಮಾತನ್ನು ಜ್ಞಾಪಿಸಿದರು. ಮುಂದೆ ಹೋಗುವವರು ಈ ಮಾತನ್ನು ಮೊದಲೇ ಕೇಳುವುದು ಲೇಸು.

ನಾವು ಇಳಿದುಕೊಂಡುದು ಎಪ್ಪತ್ತು ದಾಟಿದ ಒಬ್ಬ ವಿಧವೆಯ ಮನೆಯ ಮೇಲಂತಸ್ತಿನಲ್ಲಿ. ಕುಳ್ಳಗಿನ ಗಟ್ಟಿಮುಟ್ಟಾದ ಹೆಂಗಸು. ಮಾತು ಸ್ವಲ್ಪ, ಕೆಲಸ ಹೆಚ್ಚು. ಮಗಳು ದುಭಾಷಿಯಾಗಿ ನಿಂತಳು. ನಮ್ಮ ಮನೆಯಾಕೆಯನ್ನು ಅವರು ಮೊದಲ ದಿನ ‘ಸಿಞೋರ’ ಎಂದು ಗೌರವದಿಂದ ಕರೆದರು. ಎರಡನೆಯ ದಿನದಿಂದ ಇಬ್ಬರೂ ಭಾಷೆಯ ಹಂಗಿಲ್ಲದೆ ಅಡಿಗೆಮನೆಯಲ್ಲಿ ಮಾತನಾಡಿಕೊಳ್ಳತೊಡಗಿದರು.

ಬೀದಿಯು ಕಡಲಿನ ಹತ್ತಿರ ಅಗಲವಾಗಿ ಒಂದು ಚಿಕ್ಕ ಚೌಕವಾಗುತ್ತದೆ. ಅದರ ಮುಂದೆಯೇ ಬಂದರು. ಐದೂರುಗಳಲ್ಲಿ ಸ್ವಾಭಾವಿಕವಾದ ಬಂದರುಳ್ಳ ಊರು ಇದೊಂದೇ. ಹಿಂದೆ ಇದಕ್ಕೆ ಇದ್ದ ಪ್ರಾಮುಖ್ಯಕ್ಕೆ ಅದೇ ಕಾರಣ. ಕೋಟೆಯುಳ್ಳ ಊರೆಂದು ಇದರ ಹೆಸರು 1080ರ ದಾಖಲೆಯಲ್ಲಿ ಬರುತ್ತದೆ. ಹದಿಮೂರನೆಯ ಶತಮಾನದಲ್ಲಿ ಇದು ಜಿನೋವದ ಗಣರಾಜ್ಯಕ್ಕೆ ಸೇರಿತು. ಕಡಲುಗಳ್ಳರು ಬರುವುದನ್ನು ದೂರದಿಂದಲೇ ಕಾಣುವುದಕ್ಕಾಗಿ ಬಂಡೆಯ ತುದಿಯಲ್ಲಿ ಕಟ್ಟಿದ ಕೋಟೆಯ ದುಂಡುಬುರುಜು ಈಗಲೂ ನಿಂತಿದೆ. ಅದಕ್ಕೆ ದೋರಿಯ ಮನೆತನದ ಕೋಟೆಯೆಂದು ಹೆಸರು. ಸ್ವಲ್ಪ ಕಾಣಿಕೆ ಕೊಟ್ಟು ಮೇಲೆ ಹತ್ತಿದರೆ ಊರಿನ ಮಾಳಿಗೆಗಳೂ ಬಂದರಿನ ದೋಣಿಗಳೂ ಬೆನ್ನ ಹಿಂದಿನ ಬೆಟ್ಟಗಳೂ ಒಂದೇ ನೋಟಕ್ಕೆ ದೊರಕುತ್ತವೆ. ಸೂರ್ಯಾಸ್ತದ ಹೊತ್ತಿಗೆ ಹೋಗುವುದು ಉಚಿತ.

ಬಂದರಿನ ಅಂಚಿನಲ್ಲಿಯೇ ಸಂತ ಮಾರ್ಗರೀತಳ ದೇವಾಲಯವಿದೆ. ಇದು 1318ರಷ್ಟು ಹಿಂದಿನದು. ಎಂಟು ಮೂಲೆಯ ಗಂಟೆಗೋಪುರವು ದೂರದಿಂದಲೇ ಗುರುತು ಹತ್ತುತ್ತದೆ. ಒಂದು ವಿಶೇಷವೇನೆಂದರೆ, ಜನ ಚೌಕದ ಕಡೆಯಿಂದ, ಎಂದರೆ ದೇವಾಲಯದ ಹಿಂಬದಿಯಿಂದಲೇ ಒಳಕ್ಕೆ ಬರುತ್ತಾರೆ. ಸಂತಳ ಬೆರಳಿನ ಮೂಳೆಗಳಿದ್ದ ಒಂದು ಮರದ ಪೆಟ್ಟಿಗೆಯು ತೇಲಿಬಂದು ಇಲ್ಲಿ ದಡ ಸೇರಿತೆಂದೂ, ಒಮ್ಮೆ ಕಳೆದುಹೋದರೂ ಮರಳಿ ಅದೇ ಸ್ಥಳಕ್ಕೆ ಬಂದಿತೆಂದೂ, ಅದಕ್ಕಾಗಿಯೇ ಇಷ್ಟು ನೀರಿನ ಹತ್ತಿರ ದೇವಾಲಯವನ್ನು ಕಟ್ಟಿದರೆಂದೂ ಐತಿಹ್ಯ. ಒಳಗೆ ಆಡಂಬರವಿಲ್ಲ, ಕರಿಗಲ್ಲಿನ ಕಂಬಗಳು, ತಂಪು, ಕಿಟಕಿಯ ಹೊರಗೆ ಅಲೆಯ ಸದ್ದು. ಜುಲೈ 20ರಂದು ಊರಹಬ್ಬ.

ಮೊದಲ ಸಂಜೆ ಬಂದರಿನ ಕಟ್ಟೆಯ ಮೇಲೆ ಕುಳಿತಿದ್ದಾಗ ಒಂದು ಸಂಗತಿಯನ್ನು ಗಮನಿಸಿದೆವು. ಊರಿಗೆ ಒಂದು ಹಳ್ಳವಿರಬೇಕಲ್ಲ, ಇಷ್ಟು ಕಡಿದಾದ ಕಣಿವೆಯ ನೀರು ಎಲ್ಲಿಗೆ ಹೋಗುತ್ತದೆ, ಎಂದು ಮಗಳನ್ನು ಕೇಳಿದೆವು. ಅವಳು ಪಕ್ಕದ ಅಂಗಡಿಯವನನ್ನು ಕೇಳಿದಳು. ಅವನು ತುಟಿಪಿಟಕ್ಕೆನ್ನದೆ ಕಾಲ ಕೆಳಗಣ ನೆಲವನ್ನು ತೋರಿಸಿದನು. ನಾವು ನಡೆದು ಬಂದ ಬೀದಿಯ ಕೆಳಗೇ ಹಳ್ಳವು ಹರಿಯುತ್ತಿತ್ತು! ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಮೇಲೆ ಕಮಾನು ಕಟ್ಟಿ ಮುಚ್ಚಿ ಬೀದಿ ಮಾಡಿದ್ದರು. ಆ ಮಾತಿನ ಅರ್ಥವು ನಮಗೆ ತಿಳಿದುದು ಎರಡು ದಿನಗಳ ಮೇಲೆ.

ಎರಡನೆಯ ದಿನ ಕೊರ್ನೀಲ್ಯಕ್ಕೆ ನಡೆದು ಹೋದೆವು. ಐದೂರುಗಳನ್ನು ಕೂಡಿಸುವ ಕಾಲುದಾರಿಗಳು ಈ ಪ್ರಾಂತದ ಮುಖ್ಯ ಆಕರ್ಷಣೆ. 1997ರಲ್ಲಿ ಯುನೆಸ್ಕೋ ಸಂಸ್ಥೆಯು ಈ ತೀರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1999ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಕಡಲ ಪಕ್ಕದ ದಾರಿಗೆ ಉದ್ಯಾನದವರು ಕೊಡುವ ಚೀಟಿಯನ್ನು ಕೊಳ್ಳಬೇಕು. ರೈಲಿಗೂ ದಾರಿಗೂ ಕೂಡಿಯೇ ದೊರೆಯುವ ಚೀಟಿಯೂ ಉಂಟು, ಅದೇ ಅನುಕೂಲ. ಅಂಗಾಲಿಗೆ ಹಿಡಿತವಿರುವ ಪಾದರಕ್ಷೆ ಬೇಕು. ಹವಾಯಿ ಚಪ್ಪಲಿ ಹಾಕಿಕೊಂಡು ಬಂದವರನ್ನು ದಾರಿಗೆ ಬಿಡುವುದಿಲ್ಲ, ದಂಡವನ್ನೂ ಹಾಕುತ್ತಾರೆ. ವೆರ್ನಾತ್ಸದಿಂದ ಕೊರ್ನೀಲ್ಯಕ್ಕೆ ಸುಮಾರು ನಾಲ್ಕು ಕಿಲೋಮೀಟರು. ಐವತ್ತು ದಾಟಿದ ನಾವು ನಿಂತು ಕೂತು ಎರಡೂವರೆ ಗಂಟೆಯಲ್ಲಿ ಸೇರಿದೆವು.

ಮೊದಲ ಏರಿನ ತಿರುವಿನಲ್ಲಿ ಹಿಂದಿರುಗಿ ನೋಡಿದರೆ ಚಿತ್ರಪಟಗಳಲ್ಲಿ ಕಾಣುವ ವೆರ್ನಾತ್ಸವು ಕೆಳಗೆ ಬಿಚ್ಚಿಕೊಳ್ಳುತ್ತದೆ. ಆದರೆ ನಮ್ಮ ಕಣ್ಣನ್ನು ಹೆಚ್ಚಾಗಿ ಸೆಳೆದುದು ಊರಲ್ಲ, ಬೆಟ್ಟ. ಕಡಲಿನ ಅಂಚಿನಿಂದ ಶಿಖರದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ತಾಕುಗಳು; ಪ್ರತಿಯೊಂದು ತಾಕಿನ ಅಂಚಿಗೂ ಕಲ್ಲಿನ ಗೋಡೆ. ತಾಕುಗಳಲ್ಲಿ ದ್ರಾಕ್ಷಿ, ಅಲ್ಲಲ್ಲಿ ಆಲಿವ್ ಮತ್ತು ನಿಂಬೆ. ಗೋಡೆಗಳಿಗೆ ಗಾರೆಯಿಲ್ಲ, ಮಣ್ಣಿಲ್ಲ. ಕಲ್ಲಿನ ಮೇಲೆ ಕಲ್ಲು ಕೂತು ಬೆಟ್ಟವನ್ನು ಹಿಡಿದುಕೊಂಡಿದೆ. ಸಾವಿರ ವರ್ಷಗಳಿಂದ ಈ ಜನ ಬಂಡೆಯನ್ನು ಒಡೆದು ಕಲ್ಲನ್ನು ಗೋಡೆಗೆ ಇಟ್ಟರು, ಪುಡಿಯನ್ನು ಮಣ್ಣು ಮಾಡಿದರು. ನಾವು ಸುಂದರವೆಂದು ನೋಡಲು ಬರುವ ನೋಟವು ಪ್ರಕೃತಿಯ ಸೃಷ್ಟಿಯಲ್ಲ. ಮನುಷ್ಯರ ಬೆನ್ನು ಬಾಗಿದುದರ ಫಲ. ಗಾರೆಯಿಲ್ಲದೆ ಗೋಡೆ ಕಟ್ಟುವ ಈ ವಿದ್ಯೆಯನ್ನು ಇಟಲಿ ಮೊದಲಾದ ಎಂಟು ದೇಶಗಳ ಹೆಸರಿನಲ್ಲಿ ಯುನೆಸ್ಕೋ 2018ರಲ್ಲಿ ಬೇರೊಂದು ಪಟ್ಟಿಗೆ ಸೇರಿಸಿ ಮನ್ನಿಸಿದೆ.

ಇಲ್ಲಿ ನಮ್ಮದೊಂದು ತಪ್ಪನ್ನು ಹೇಳಿಕೊಳ್ಳಬೇಕು. ದಾರಿಯ ನಡುವೆ ಒಂದು ಆಲಿವ್ ಮರದ ನೆರಳಿನಲ್ಲಿ ದಣಿವಾರಿಸಿಕೊಳ್ಳಲು ಗೋಡೆಯ ಮೇಲೆ ಕುಳಿತೆವು. ಎದ್ದಾಗ ಮೇಲಿನ ಒಂದು ಕಲ್ಲು ಜಾರಿ ಕೆಳಗಿನ ತಾಕಿಗೆ ಬಿದ್ದಿತು. ತೆಂಗಿನಕಾಯಿಯ ಎರಡರಷ್ಟು ಗಾತ್ರದ್ದು. ಮಗಳು “ಅಪ್ಪ, ಇಳಿದು ಎತ್ತಿಡೋಣವೇ?” ಎಂದಳು. ಸಾವಿರಾರು ಕಲ್ಲುಗಳಿರುವಲ್ಲಿ ಒಂದು ಕಲ್ಲಿನಿಂದ ಏನಾದೀತು, ಹೊತ್ತಾಯಿತು, ನಡೆ, ಎಂದು ಹೊರಟುಬಿಟ್ಟೆವು.

ಕೊರ್ನೀಲ್ಯವು ಕಡಲಿನಿಂದ ಸುಮಾರು ನೂರು ಮೀಟರು ಎತ್ತರದ ಬಂಡೆಯ ನೆತ್ತಿಯ ಮೇಲಿದೆ. ಐದೂರುಗಳಲ್ಲಿ ಬಂದರಿಲ್ಲದ ಊರು ಇದೊಂದೇ. ರೈಲಿನಲ್ಲಿ ಬಂದವರು 33 ಸಾಲುಗಳಾಗಿ ತಿರುಗಿ ತಿರುಗಿ ಹತ್ತುವ 370ಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತಬೇಕು. ನಾವು ಕಾಲುದಾರಿಯಿಂದ ಬಂದುದರಿಂದ ಅವನ್ನು ಇಳಿಯುವ ಭಾಗ್ಯ ನಮ್ಮದಾಯಿತು. ಹತ್ತುತ್ತ ಬರುತ್ತಿದ್ದವರ ಮುಖವನ್ನು ನೋಡಿ ನಮ್ಮ ಮನೆಯಾಕೆಗೆ ಆದ ಸಮಾಧಾನವನ್ನು ವರ್ಣಿಸಲಾರೆವು. ರೈಲು ನಮ್ಮನ್ನು ಕೆಲವೇ ನಿಮಿಷಗಳಲ್ಲಿ ವೆರ್ನಾತ್ಸಕ್ಕೆ ತಂದಿಳಿಸಿತು.

ಈಗ ಊಟದ ವಿಷಯ. ಮಾಂಸ ಮೀನುಗಳನ್ನು ತಿನ್ನದ ನಮ್ಮಂಥವರಿಗೆ ಪರದೇಶ ಪ್ರಯಾಣದಲ್ಲಿ ಇದೇ ಮೊದಲ ಚಿಂತೆ. ಲಿಗೂರಿಯದಲ್ಲಿ ಆ ಚಿಂತೆ ಅರ್ಧಕ್ಕಿಂತ ಹೆಚ್ಚು ನೀಗುತ್ತದೆ. ಇಲ್ಲಿಯ ಹೆಸರಾದ ಖಾದ್ಯವೇ ಪೆಸ್ತೊ ಎಂಬ ಹಸುರು ಚಟ್ನಿ. ಕಾಮಕಸ್ತೂರಿಯ ಜಾತಿಗೆ ಸೇರಿದ ಬಸಿಲಿಕೊ ಎಂಬ ಗಿಡದ ಎಳೆಯ ಎಲೆ, ಬೆಳ್ಳುಳ್ಳಿ, ಪೈನ್ ಮರದ ಬೀಜ, ಹರಳುಪ್ಪು, ತುರಿದ ಗಿಣ್ಣು, ಆಲಿವ್ ಎಣ್ಣೆ—ಇವುಗಳನ್ನು ಅಮೃತಶಿಲೆಯ ಒರಳಿನಲ್ಲಿ ಮರದ ಒನಕೆಯಿಂದ ಅರೆದು ಮಾಡುವರು. ಕುಟ್ಟುವುದಕ್ಕಿಂತ ಒರಳಿನ ಗೋಡೆಗೆ ಒತ್ತಿ ತಿರುಗಿಸುವುದು ಮುಖ್ಯವಂತೆ. ಒಲೆಯ ಮೇಲೆ ಇದನ್ನು ಇಡುವುದೇ ಇಲ್ಲ. ತ್ರೋಫಿಯೆ ಎಂಬುದು ಹಿಟ್ಟು ನೀರುಗಳಿಂದ ಮಾತ್ರ ಮಾಡಿ ಅಂಗೈಯಲ್ಲಿ ಹೊಸೆದ ಶಾವಿಗೆಯ ತುಣುಕು. ಅದನ್ನು ಆಲೂಗೆಡ್ಡೆ ಹುರುಳಿಕಾಯಿಗಳೊಡನೆ ಬೇಯಿಸಿ, ಪೆಸ್ತೊ ಕಲಸಿ ಬಡಿಸುವರು. ಗಿಣ್ಣಿಗೆ ಹಾಲು ಒಡೆಯಿಸಲು ಕರುವಿನ ಜಠರದ ಸತ್ವವನ್ನು ಉಪಯೋಗಿಸುವರಾದುದರಿಂದ ಕಟ್ಟುನಿಟ್ಟಿನವರು ಗಿಣ್ಣಿಲ್ಲದ ಚಟ್ನಿಯನ್ನು ಕೇಳಿ ಮಾಡಿಸಿಕೊಳ್ಳಬೇಕು. ನಮ್ಮ ಮನೆಯೊಡತಿ ಹಾಗೆಯೇ ಮಾಡಿಕೊಟ್ಟರು.

ನಮ್ಮ ಮನೆಯಾಕೆಗೆ ಎಲ್ಲಕ್ಕಿಂತ ಹಿಡಿಸಿದುದು ಫರಿನಾತ. ಕಡಲೆಹಿಟ್ಟನ್ನು ನೀರಿನಲ್ಲಿ ತೆಳ್ಳಗೆ ಕದಡಿ, ಕೆಲವು ಗಂಟೆ ನೆನೆಯಬಿಟ್ಟು, ನೊರೆ ತೆಗೆದು, ಉಪ್ಪು ಮತ್ತು ಆಲಿವ್ ಎಣ್ಣೆ ಸೇರಿಸಿ, ಕಲಾಯಿ ಹಾಕಿದ ತಾಮ್ರದ ಅಗಲ ಪರಾತದಲ್ಲಿ ಹೊಯ್ದು ಸೌದೆಯ ಒಲೆಗೂಡಿನಲ್ಲಿ ಬೇಯಿಸುವರು. ಮೇಲೆ ಗರಿಗರಿ, ಒಳಗೆ ಮೆತ್ತಗೆ. “ಒಂದು ಚಿಟಿಕೆ ಇಂಗು, ಎರಡು ಹಸಿಮೆಣಸಿನಕಾಯಿ ಬಿದ್ದಿದ್ದರೆ ನಮ್ಮ ಮನೆಯ ದೋಸೆಯೇ ಆಗುತ್ತಿತ್ತು” ಎಂದು ಅವರು ತೀರ್ಪುಕೊಟ್ಟರು. ಬೆಳಗಿನ ಹೊತ್ತಿಗೆ ಫೊಕಾಚ್ಚ ಎಂಬ ಎಣ್ಣೆ ಸುರಿದ ಚಪ್ಪಟೆ ರೊಟ್ಟಿ ಎಲ್ಲ ಅಂಗಡಿಗಳಲ್ಲಿಯೂ ಬಿಸಿಬಿಸಿಯಾಗಿ ದೊರೆಯುತ್ತದೆ. ಮೀನು ತಿನ್ನುವವರಿಗೆ ಮೊಂತೆರೊಸ್ಸೊದ ಉಪ್ಪಿನಲ್ಲಿ ಊರಿಸಿದ ಅಂಚೋವಿ ಮೀನು ಪ್ರಸಿದ್ಧ. ಶಾಕ್ಕೆತ್ರಾ ಎಂಬ ಸಿಹಿ ಮದ್ಯಕ್ಕೂ ಈ ಐದೂರುಗಳು ಹೆಸರಾದವು. ನಾವು ಅದನ್ನು ಸೇವಿಸುವವರಲ್ಲವಾದುದರಿಂದ ರುಚಿಯನ್ನು ಹೇಳಲಾರೆವು. ಆದರೆ ಮನೆಯೊಡತಿಯ ಅಟ್ಟದಲ್ಲಿ, ಗಾಳಿಯಾಡುವ ನೆರಳಿನಲ್ಲಿ, ಮದ್ಯಕ್ಕೆಂದು ಹರಡಿ ಬಾಡಿಸುತ್ತಿದ್ದ ದ್ರಾಕ್ಷಿ ಗೊಂಚಲುಗಳಿಂದ ಒಂದೊಂದು ಹಿಡಿ ನಮಗೂ ಸಿಕ್ಕಿತು. ಕಲ್ಲುಸಕ್ಕರೆ ಅದರ ಮುಂದೆ ಸಪ್ಪೆ.

ಮೂರನೆಯ ದಿನ ಬೆಳಗ್ಗೆ ದೋಣಿಯಲ್ಲಿ ಹೊರಟೆವು. ವಸಂತದಿಂದ ಶರತ್ಕಾಲದವರೆಗೆ, ಕಡಲು ಶಾಂತವಾಗಿರುವ ದಿನಗಳಲ್ಲಿ, ಯಂತ್ರದ ದೋಣಿಗಳು ಕೊರ್ನೀಲ್ಯವೊಂದನ್ನು ಬಿಟ್ಟು ಉಳಿದ ನಾಲ್ಕೂರುಗಳನ್ನೂ ಮುಟ್ಟುತ್ತವೆ. ನೀರಿನಿಂದ ನೋಡಿದಾಗಲೇ ಈ ಊರುಗಳ ರೂಪ ಸರಿಯಾಗಿ ತಿಳಿಯುತ್ತದೆ. ರಿಯೋಮಜ್ಜೋರೆಗೂ ಮನರೋಲಕ್ಕೂ ನಡುವೆ ಬಂಡೆಯಲ್ಲಿ ಕಡಿದ ‘ಪ್ರೇಮಪಥ’ವೆಂಬ ಒಂದು ಕಿಲೋಮೀಟರಿನಷ್ಟರ ದಾರಿ ಉಂಟು. 2012ರಲ್ಲಿ ಬಂಡೆ ಉರುಳಿ ಕೆಲವರಿಗೆ ಗಾಯವಾದುದರಿಂದ ಮುಚ್ಚಿದುದನ್ನು, ಬೆಟ್ಟಕ್ಕೆ ಬಲೆ ಹೊದಿಸಿ ಭದ್ರಪಡಿಸಿ, 2024ರಲ್ಲಿ ಮತ್ತೆ ತೆರೆದರು. ಮೊಂತೆರೊಸ್ಸೊದಲ್ಲಿ ಮಾತ್ರ ಉದ್ದವಾದ ಮರಳದಂಡೆಯಿದೆ. ಮಕ್ಕಳೊಂದಿಗರು ಅಲ್ಲಿ ಇಳಿದುಕೊಳ್ಳುವುದು ಮೇಲು. 1975ರಲ್ಲಿ ನೊಬೆಲ್ ಬಹುಮಾನ ಪಡೆದ ಕವಿ ಎವುಜೇನಿಯೊ ಮೊಂತಾಲೆ ಬಾಲ್ಯದ ಬೇಸಗೆಗಳನ್ನು ಕಳೆದುದು ಅಲ್ಲಿಯ ತಮ್ಮ ಕುಟುಂಬದ ಮನೆಯಲ್ಲಿ. ಆ ಮನೆಯನ್ನು ಹುಡುಕಿಕೊಂಡು ಹೋಗೋಣವೆಂದಿರುವಾಗಲೇ ಗಾಳಿ ತಿರುಗಿತು, ದೋಣಿಗಳು ನಿಂತುಹೋದವು. ನಾವು ರೈಲು ಹಿಡಿದು ವೆರ್ನಾತ್ಸಕ್ಕೆ ಹಿಂದಿರುಗಿದೆವು.

ಊರು ಬೇರೆಯಾಗಿತ್ತು. ಬಂದರಿನ ದೋಣಿಗಳನ್ನೆಲ್ಲ ಮೇಲೆಳೆದು ಚೌಕದಲ್ಲಿ, ಹೋಟೆಲಿನ ಮೇಜುಗಳಿದ್ದ ಜಾಗದಲ್ಲಿ, ಸಾಲಾಗಿ ನಿಲ್ಲಿಸಿದ್ದರು. ಅಂಗಡಿಯವರು ಬಾಗಿಲುಗಳಿಗೆ ಅಡ್ಡಹಲಗೆಗಳನ್ನು ತೊಡಿಸುತ್ತಿದ್ದರು. ಯಾರೂ ಗದ್ದಲ ಮಾಡುತ್ತಿರಲಿಲ್ಲ. ಆ ಸೀಮೆಯಲ್ಲಿ ಬಿರುಮಳೆಯ ಸೂಚನೆಯನ್ನು ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳಲ್ಲಿ ಮುಂಚಿತವಾಗಿ ಸಾರುವ ಏರ್ಪಾಟಿದೆ. ಅಂದು ಕಿತ್ತಳೆಯ ಸೂಚನೆ ಬಂದಿತ್ತು. ಕಾಲುದಾರಿಗಳೆಲ್ಲ ಮುಚ್ಚಿದ್ದವು. ಮನೆಯೊಡತಿ ಬಾಗಿಲಲ್ಲೇ ಕಾದಿದ್ದರು. “ಇಂದು ರಾತ್ರಿ ಯಾರೂ ಬೀದಿಗೆ ಇಳಿಯಕೂಡದು” ಎಂದು ನಮ್ಮನ್ನು ಒಳಗೆ ಕರೆದುಕೊಂಡು ಅಗುಳಿ ಹಾಕಿದರು.

ಆ ರಾತ್ರಿ ಮಳೆ ಸುರಿಯುತ್ತಿದ್ದಾಗ, ಅಡಿಗೆಮನೆಯ ಮೇಜಿನ ಸುತ್ತ ಕುಳಿತು, ಅವರು 2011ನೆಯ ಇಸವಿಯ ಅಕ್ಟೋಬರ್ 25ರ ಕಥೆಯನ್ನು ಹೇಳಿದರು. ಅಂದು ಹಗಲು ಹೊತ್ತಿನಲ್ಲಿಯೇ ಮಳೆ ಹಿಡಿಯಿತು. ಬೆಟ್ಟದಾಚೆಯ ಕಣಿವೆಯ ಕೆಲವೆಡೆಗಳಲ್ಲಿ ಅದೊಂದೇ ದಿನ 500 ಮಿಲಿಮೀಟರಿಗೂ ಹೆಚ್ಚು ಸುರಿಯಿತೆಂದು ಆಮೇಲೆ ಲೆಕ್ಕಕ್ಕೆ ಬಂತು. ಬೆಟ್ಟದ ತಾಕುಗಳು ಕುಸಿದು, ಮಣ್ಣು, ಕಲ್ಲು, ಮರ, ಮೋಟಾರುಗಾಡಿಗಳು ಎಲ್ಲವೂ ಹಳ್ಳಕ್ಕೆ ಬಂದವು. ಬೀದಿಯ ಕೆಳಗಿನ ಕಮಾನು ಅಷ್ಟನ್ನೂ ನುಂಗಲಾರದೆ ಕಟ್ಟಿಕೊಂಡಿತು. ಹಳ್ಳವು ಬೀದಿಯ ಮೇಲೆಯೇ ಹರಿಯಿತು. ನಾವು ದಿನವೂ ಫೊಕಾಚ್ಚ ಕೊಳ್ಳುತ್ತಿದ್ದ ಅಂಗಡಿಗಳು ಸೂರಿನವರೆಗೆ ಹೂತುಹೋದವು. ಕೆಸರು ಕೆಲವೆಡೆ ನಾಲ್ಕು ಮೀಟರು ನಿಂತಿತು. ಊರಿನ ಮೂವರು ತೀರಿಕೊಂಡರು. ಮೊಂತೆರೊಸ್ಸೊದಲ್ಲಿಯೂ ಒಬ್ಬರು ಇತರರನ್ನು ಉಳಿಸಹೋಗಿ ಪ್ರಾಣ ಬಿಟ್ಟರು. ರೈಲಿಲ್ಲ, ರಸ್ತೆಯಿಲ್ಲ, ಊರಿನವರನ್ನೆಲ್ಲ ಕಡಲಿನ ಮೇಲೆ ದೋಣಿಗಳಲ್ಲಿ ಸಾಗಿಸಬೇಕಾಯಿತು. ಬಂದರು ತುಂಬಿಹೋಗಿತ್ತು. ತಿಂಗಳುಗಟ್ಟಲೆ ಸಲಿಕೆ ಹಿಡಿದು ಅಗೆದ ಮೇಲೆ, ಮರುವರ್ಷದ ವಸಂತದಲ್ಲಿ ಊರು ಮತ್ತೆ ಬಾಗಿಲು ತೆರೆಯಿತು.

“ಅಷ್ಟು ಮಳೆ ಬಂದರೆ ಯಾರು ಏನು ಮಾಡಲಾದೀತು?” ಎಂದು ನಾವು ಉಪಚಾರಕ್ಕೆ ಹೇಳಿದೆವು.

ಅವರು ತಲೆಯಾಡಿಸಿದರು. “ಮಳೆ ದೇವರದು. ಗೋಡೆ ನಮ್ಮದು” ಎಂದರು.

ಆಮೇಲೆ ಅವರು ವಿವರಿಸಿದುದರ ಸಾರಾಂಶ ಹೀಗೆ. ಹಿಂದೆ ಈ ಬೆಟ್ಟಗಳಲ್ಲಿ ದ್ರಾಕ್ಷಿ ಬೆಳೆಯದ ತಾಕು ಇರಲಿಲ್ಲ. ಹೆಂಗಸರು ಹಣ್ಣಿನ ಬುಟ್ಟಿಗಳನ್ನೂ ಗೋಡೆಯ ಕಲ್ಲುಗಳನ್ನೂ ತಲೆಯ ಮೇಲೆ ಹೊತ್ತು ಹತ್ತಿ ಇಳಿಯುತ್ತಿದ್ದರು. ಮೊದಲು ಲಾ ಸ್ಪೆತ್ಸಿಯದಲ್ಲಿ ಯುದ್ಧನೌಕೆಗಳ ಕಾರ್ಖಾನೆ ಬಂದಿತು, ಗಂಡಸರು ಸಂಬಳಕ್ಕೆ ಹೋದರು. ಆಮೇಲೆ ಮಕ್ಕಳು ನಗರಗಳಿಗೆ ಹೋದರು. ಕೊನೆಗೆ ಪ್ರವಾಸಿಗರು ಬಂದರು, ಬೆಟ್ಟ ಹತ್ತುವುದಕ್ಕಿಂತ ಕೋಣೆ ಬಾಡಿಗೆಗೆ ಕೊಡುವುದು ಸುಲಭವಾಯಿತು. ಸಾವಿರಾರು ಹೆಕ್ಟೇರು ತಾಕುಗಳಿದ್ದಲ್ಲಿ ಈಗ ದ್ರಾಕ್ಷಿ ಉಳಿದಿರುವುದು ನೂರು ಹೆಕ್ಟೇರಿನ ಆಸುಪಾಸಿನಲ್ಲಿ. ಬಿಟ್ಟ ತಾಕಿನ ಗೋಡೆಯ ಹಿಂದೆ ಮಣ್ಣು ಕಟ್ಟಿಕೊಳ್ಳುತ್ತದೆ. ನೀರಿಗೆ ದಾರಿಯಿಲ್ಲದೆ ಗೋಡೆ ಬಸುರಿಯ ಹೊಟ್ಟೆಯಂತೆ ಉಬ್ಬುತ್ತದೆ. ಒಂದು ಮಳೆಗಾಲದಲ್ಲಿ ಒಡೆಯುತ್ತದೆ. ಒಂದು ಒಡೆದರೆ ಅದರ ಭಾರ ಕೆಳಗಿನದರ ಮೇಲೆ. ಬಿಟ್ಟುಹೋದ ತಾಕುಗಳಿಂದ 2011ರ ಅನಾಹುತವು ಇನ್ನಷ್ಟು ಹೆಚ್ಚಿತೆಂದು ಬಲ್ಲವರೂ ಹೇಳಿದ್ದಾರೆ.

“ಒಂದು ಕಲ್ಲು ಬಿದ್ದರೆ ಒಂದೇ ಕಲ್ಲು. ಬಿದ್ದ ಕಲ್ಲನ್ನು ಕಂಡೂ ಬಿಟ್ಟರೆ ಬೆಟ್ಟವೇ” ಎಂದರು ಆ ತಾಯಿ.

ಮಗಳು ಈ ಮಾತನ್ನು ನಮಗೆ ಹೇಳುವಾಗ ನಮ್ಮ ಮುಖವನ್ನು ನೋಡಲಿಲ್ಲ. ನೋಡದಿದ್ದುದೇ ಹೆಚ್ಚಾಗಿ ಚುಚ್ಚಿತು. ರಾತ್ರಿಯೆಲ್ಲ ಮಳೆ ಮಾಳಿಗೆಯ ಮೇಲೆ ಬಡಿಯುತ್ತಿತ್ತು. ಬೀದಿಯ ಕೆಳಗಿನಿಂದ ಹಳ್ಳದ ಮೊರೆತ ಕೇಳಿಸುತ್ತಿತ್ತು. ಸಾವಿರಾರು ಕಲ್ಲುಗಳಲ್ಲಿ ಒಂದು ಎಂದು ಹಗಲಿನಲ್ಲಿ ಆಡಿದ ಮಾತು ಕತ್ತಲೆಯಲ್ಲಿ ಬೇರೆಯಾಗಿ ಕೇಳಿಸಿತು. ಮನೆಯೊಡತಿ ಎರಡು ಸಲ ಎದ್ದು ದೀಪ ಹಿಡಿದು ಕಿಟಕಿಯಿಂದ ಬೀದಿಯನ್ನು ನೋಡಿದರು. ಮೂರನೆಯ ಸಲ ಅವರ ಪಕ್ಕದಲ್ಲಿ ನಮ್ಮ ಮನೆಯಾಕೆಯೂ ನಿಂತಿದ್ದರು.

ದೇವರ ದಯೆಯಿಂದ ಬೆಳಗಿನ ಜಾವಕ್ಕೆ ಮಳೆ ಹಿಡಿಯಿತು. ಹಳ್ಳವು ತನ್ನ ಹಾದಿಯಲ್ಲಿಯೇ ಹರಿದಿತ್ತು. ಊರಿನವರು ಹಲಗೆಗಳನ್ನು ಕಳಚಿ, ಬೀದಿ ಗುಡಿಸಿ, ಏನೂ ನಡೆಯಲಿಲ್ಲವೆಂಬಂತೆ ಕಾಫಿ ಕಾಯಿಸತೊಡಗಿದರು. ಮನೆಯೊಡತಿ ಮಾತ್ರ ಕಾಫಿಗೂ ನಿಲ್ಲದೆ ಊರಿನ ಮೇಲಣ ತಮ್ಮ ತಾಕಿಗೆ ಹೊರಟರು. ನಾವೂ ಹಿಂದೆಯೇ ಹೊರಟೆವು. ರೆಜ್ಜೊ ಮಾತೆಯ ಗುಡಿಗೆ ಹೋಗುವ ಕಲ್ಲುದಾರಿಯ ಮಗ್ಗುಲಿನಲ್ಲಿ ಅವರದು ಮೂರು ತಾಕು. ಅಗಲದಲ್ಲಿ ನಮ್ಮ ಮನೆಯ ಜಗಲಿಯಷ್ಟೇ. ನಡುವಿನ ಗೋಡೆಯಲ್ಲಿ ಒಂದು ಮಾರಿನಷ್ಟು ಕಲ್ಲು ಜರುಗಿತ್ತು.

ಅವರು ಗೊಣಗಲಿಲ್ಲ. ಬಿದ್ದ ಕಲ್ಲುಗಳನ್ನು ದೊಡ್ಡದು, ನಡುತರದ್ದು, ಸಣ್ಣದು ಎಂದು ಮೂರು ಗುಡ್ಡೆ ಮಾಡಿಸಿದರು. ತಳಕ್ಕೆ ದೊಡ್ಡವು; ಪ್ರತಿಯೊಂದು ಕಲ್ಲೂ ಬೆಟ್ಟದ ಕಡೆಗೆ ಸ್ವಲ್ಪ ವಾಲಿರಬೇಕು; ಎರಡು ಕಲ್ಲಿನ ಸಂದಿಯ ಮೇಲೆ ಮೂರನೆಯ ಕಲ್ಲಿನ ನಡು ಬರಬೇಕು; ಹಿಂಬದಿಗೆ ಜಲ್ಲಿ ತುಂಬಬೇಕು, ನೀರು ಅದರಲ್ಲಿ ಇಳಿದು ಹೋಗಬೇಕು. ಗಾರೆ ಹಾಕಿದರೆ ನೀರು ಕಟ್ಟುತ್ತದೆ, ಗೋಡೆ ಒಡೆಯುತ್ತದೆ. ನೀರನ್ನು ತಡೆಯುವ ಗೋಡೆಯಲ್ಲ ಇದು. ನೀರಿಗೆ ದಾರಿ ಬಿಟ್ಟು ಮಣ್ಣನ್ನು ಹಿಡಿಯುವ ಗೋಡೆ. ಮೂರು ಗಂಟೆ ನಾವು ಕಲ್ಲು ಕೊಟ್ಟೆವು, ಅವರು ಇಟ್ಟರು. ನಾವು ಇಟ್ಟ ಕಲ್ಲನ್ನು ಒಂದು ಸಲ ಅಲ್ಲಾಡಿಸಿ ನೋಡಿ, ತೆಗೆದು, ತಿರುಗಿಸಿ, ಮತ್ತೆ ಇಟ್ಟರು. ಮಗಳು ಇಟ್ಟ ಒಂದನ್ನು ಮಾತ್ರ ಹಾಗೆಯೇ ಬಿಟ್ಟರು. ಅವಳಿಗೆ ಪರೀಕ್ಷೆಯಲ್ಲಿ ತೇರ್ಗಡೆಯಾದಾಗಲೂ ಅಷ್ಟು ಸಂತೋಷವಾಗಿರಲಾರದು. ಕೆಲಸ ಮುಗಿದ ಮೇಲೆ ನಮ್ಮ ಮನೆಯಾಕೆಯ ಕೈ ಹಿಡಿದು ಅಂಗೈಯ ಕೆಂಪನ್ನು ನೋಡಿ ಆ ಮುದುಕಿ ಮೊದಲ ಸಲ ನಕ್ಕರು.

ಮಧ್ಯಾಹ್ನದ ಹೊತ್ತಿಗೆ ಕೊರ್ನೀಲ್ಯದ ಕಾಲುದಾರಿಯನ್ನು ತೆರೆದರು. ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ಯಾರೂ ಯಾರಿಗೂ ಏನೂ ಹೇಳದೆ ನಾವು ಮೂವರೂ ಆ ಆಲಿವ್ ಮರದವರೆಗೆ ಹತ್ತಿದೆವು. ನಾವು ಕುಳಿತಿದ್ದ ಗೋಡೆಯನ್ನು ಕಂಡೆವು. ಕೆಳಗಿನ ತಾಕಿಗೆ ಇಣುಕಿದೆವು. ಬಿದ್ದ ಕಲ್ಲು ಅಲ್ಲಿರಲಿಲ್ಲ. ಗೋಡೆಯ ನೆತ್ತಿಯಲ್ಲಿ, ಬೆಟ್ಟದ ಕಡೆಗೆ ಸ್ವಲ್ಪ ವಾಲಿ, ಅದು ತನ್ನ ಸ್ಥಳದಲ್ಲಿ ಕೂತಿತ್ತು. ಅಲ್ಲಾಡಿಸಿ ನೋಡಿದೆವು, ಅಲುಗಲಿಲ್ಲ. ನಮಗಿಂತ ಮೊದಲು, ಬಹುಶಃ ಮಳೆಗೂ ಮೊದಲು, ಆ ದಾರಿಯಲ್ಲಿ ಹೋದ ಯಾರೋ ಕೆಳಗಿಳಿದು ಅದನ್ನು ಎತ್ತಿಟ್ಟು ಹೋಗಿದ್ದರು.

ಈ ಊರುಗಳಿಗೆ ವರ್ಷಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬೀದಿಯಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಹೋಗುವವರಿಗೆ ಏಪ್ರಿಲ್, ಮೇ ತಿಂಗಳುಗಳೂ ಸೆಪ್ಟೆಂಬರಿನ ಕೊನೆಯೂ ಒಳ್ಳೆಯ ಕಾಲ. ಅಕ್ಟೋಬರಿನಲ್ಲಿ ಹೋಗುವವರು ಮಳೆಯ ಸೂಚನೆಯನ್ನು ದಿನವೂ ಕೇಳಿಕೊಳ್ಳಬೇಕು. ಒಂದು ಗಂಟೆಗೆ ಬಂದು ಪಟ ತೆಗೆದುಕೊಂಡು ಹೋಗುವುದಕ್ಕಿಂತ ಒಂದೇ ಊರಿನಲ್ಲಿ ಎರಡು ಮೂರು ರಾತ್ರಿ ತಂಗುವುದು ಮೇಲು. ಊರಿನ ಜನ ಊರಿನವರಾಗಿ ಕಾಣುವುದು ಕಡೆಯ ರೈಲು ಹೋದ ಮೇಲೆ. ಗೋಡೆಯ ಮೇಲೆ ಮಾತ್ರ ಯಾರೂ ಕೂರಬೇಡಿರಿ.

ಹೊರಡುವಾಗ ಮನೆಯೊಡತಿ ಒಂದು ಪೊಟ್ಟಣದಲ್ಲಿ ಬಸಿಲಿಕೊ ಬೀಜಗಳನ್ನು ಕಟ್ಟಿ ಮನೆಯಾಕೆಯ ಕೈಯಲ್ಲಿಟ್ಟರು. ಅದು ಈಗ ನಮ್ಮ ಹಿತ್ತಿಲಿನಲ್ಲಿ ನಾಲ್ಕು ಎಲೆ ಬಿಟ್ಟಿದೆ. ಹಿತ್ತಿಲಿನ ಕೆಳ ಅಂಚಿನಲ್ಲಿ ಅಜ್ಜನ ಕಾಲದ ಒಂದು ಕಲ್ಲುಕಟ್ಟೆ ಹತ್ತು ವರ್ಷಗಳಿಂದ ಜರಿದು ಬಿದ್ದಿತ್ತು. ಕಳೆದ ಭಾನುವಾರ ಕಲ್ಲುಗಳನ್ನು ಮೂರು ಗುಡ್ಡೆ ಮಾಡಿ ಇಟ್ಟಿದ್ದೇವೆ.